ಚೊಚ್ಚಲ ಹೆರಿಗೆಯ ಊರು

ನನ್ನ ಅತ್ತೆ ಅಮೆರಿಕದವರು. ಅವರ ವಂಶವೃಕ್ಷದ ಹಾಳೆ ನಮ್ಮ ಸನ್ನಿವೇಲ್ ಮನೆಯ ಊಟದ ಮೇಜಿನ ಅರ್ಧ ಭಾಗವನ್ನು ಹಿಡಿದುಕೊಂಡು ಎರಡು ವರ್ಷವಾಗಿತ್ತು. ಸಾರಿನ ಪಾತ್ರೆ ಇಡಬೇಕಾದರೆ ಅದರ ಅಂಚು ಸುತ್ತಬೇಕು. ಅದರಲ್ಲಿ ಒಂದು ಚೌಕ ಮಾತ್ರ ಖಾಲಿ. ಅಮೆರಿಕ ಇನ್ನೂ ಇಂಗ್ಲೆಂಡಿನ ಅಧೀನದಲ್ಲಿದ್ದಾಗ ಮ್ಯಾಸಚೂಸೆಟ್ಸ್ ಕಡೆಯ ಹಳ್ಳಿಯೊಂದರಲ್ಲಿ, ಪ್ಯೂರಿಟನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತರ ನಡುವೆ ಬಾಳಿದ ಹೆಂಗಸಿನದು. ಏಳು ಮಕ್ಕಳಿದ್ದರೆಂದು ಗಂಡನ ಉಯಿಲು ಹೇಳುತ್ತದೆ. ಅವಳು ಮಾತ್ರ ಎಲ್ಲ ಕಡೆಯೂ ಬರೀ ‘ಅವನ ಹೆಂಡತಿ’. ಯಾರ ಮಗಳೋ, ಹೆಸರೇನೋ, ಗೊತ್ತಿಲ್ಲ.

ಅತ್ತೆಯ ಕಣ್ಣು ಮಂಜಾಗುತ್ತ ಬಂದಿತ್ತು. ಇನ್ನು ಹೆಚ್ಚು ದಿನ ಓದಲಾಗದು ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಆ ಚೌಕವನ್ನು ತಮ್ಮ ಕೈಯಾರೆ ತುಂಬಬೇಕೆಂದು ಅವರ ಹಟ. ಈ ಕೆಲಸದಲ್ಲಿ ಪಳಗಿದ ಅವರ ತಮ್ಮ, ಅದು ಸಿಗುವಂಥದ್ದಲ್ಲ ಎಂದು ಕೈಬಿಟ್ಟಿದ್ದರು. ನಾನು ಬಿಡಲಿಲ್ಲ. ದಿನಾ ಬೆಳಿಗ್ಗೆ ಅನ್ನಕ್ಕಿಟ್ಟು, ಕುಕ್ಕರು ಕೂಗುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ನಾಲ್ಕು ಪುಟ. ಚರ್ಚಿನ ಹಳೇ ಪುಸ್ತಕಗಳ ಸ್ಕ್ಯಾನು, ಇರುವೆ ಸಾಲಿನಂಥ ಅಕ್ಷರ.

ಆ ಹೆಂಗಸಿನ ಗಂಡನ ಊರಿನ ಚರ್ಚಿನಲ್ಲಿ ಆರು ಮಕ್ಕಳ ದೀಕ್ಷಾಸ್ನಾನದ ನಮೂದು ಸಿಕ್ಕಿತು. ಮೊದಲನೆಯದು ಇಲ್ಲ. ಆ ಪುಟ ಹರಿದುಹೋಗಿರಬೇಕೆಂದು ನಂಬಿ ಕೂತಿದ್ದೆವು. ಆಗ ಮೈಸೂರಿನಿಂದ ತಂಗಿ ಫೋನು ಮಾಡಿದಳು. ಮಗಳು ಏಳನೇ ತಿಂಗಳಿಗೇ ಮನೆಗೆ ಬಂದಿದ್ದಾಳೆ, ಬಾಣಂತನಕ್ಕೆ ಅಂಟಿನುಂಡೆಯ ಸಾಮಾನು ತರಿಸಬೇಕು ಎಂದೆಲ್ಲ ಹೇಳುತ್ತಿದ್ದಳು. ಹೂಂಗುಟ್ಟುತ್ತಿದ್ದ ನಾನು ತಟ್ಟನೆ ಲ್ಯಾಪ್‌ಟಾಪಿನ ಕಡೆ ತಿರುಗಿದೆ. ಚೊಚ್ಚಲ ಹೆರಿಗೆ. ಆ ಹೆಂಗಸೂ ತವರಿಗೆ ಹೋಗಿರಬೇಕಲ್ಲ.

ಬರ್ಕ್ಲಿಯಲ್ಲಿ ಓದುವ ನನ್ನ ಮಗಳು ರಜಕ್ಕೆ ಬಂದಿದ್ದಳು. ಹೇಳಿದೆ. ನಕ್ಕಳು.

“ಅಮ್ಮಾ, ದೇ ವರ್ ಪ್ಯೂರಿಟನ್ಸ್. ನಾಟ್ ಮೈಸೂರ್ ಪೀಪಲ್.”

“ಯಾರಾದ್ರೇನೇ? ಮೊದಲನೇ ಸಲ ಹೆರೋವಾಗ ಅಮ್ಮ ಬೇಡ್ವಾ?”

ಗಂಡನ ಊರು ಬಿಟ್ಟು ಅಕ್ಕಪಕ್ಕದ ಊರುಗಳನ್ನು ಹಿಡಿದೆ. ಎರಡರಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ, ಹತ್ತೊಂಬತ್ತನೇ ದಿನ, ಆ ಮಗು ಸಿಕ್ಕಿತು. ಅಪ್ಪನ ಹೆಸರು ನಮ್ಮ ಹಾಳೆಯಲ್ಲಿದ್ದದ್ದೇ; ಚರ್ಚಿಗೆ ಕರೆತಂದವನು ತಾಯಿಯ ತಂದೆ. ಅವನ ಮನೆತನದ ಹೆಸರು ಸ್ಪಷ್ಟವಾಗಿತ್ತು.

ಅತ್ತೆ ಹಿಗ್ಗಲಿಲ್ಲ. ಒಂದು ಸಾಕ್ಷಿ ಸಾಲದು ಎಂದರು. ಸರಿಯೇ. ಮತ್ತೆ ಮೂರು ವಾರ ಕುಕ್ಕರು ಕೂಗಿತು. ಕಡೆಗೆ ಆ ತಂದೆಯ ಉಯಿಲು ಕೈಗೆ ಬಂತು. ಹೆಸರು ಹಿಡಿದು ಮಗಳಿಗೆ ಒಂದು ಹಸು, ಒಂದು ಹಾಸಿಗೆ ಬಿಟ್ಟಿದ್ದ. ಅಳಿಯನ ಹೆಸರೂ ಇತ್ತು.

ಟೈಪು ಮಾಡಿ ಅಂಟಿಸುತ್ತೇನೆ ಎಂದಳು ಮಗಳು. ಅತ್ತೆ ಕೇಳಲಿಲ್ಲ. ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ಅಲುಗಾಡಿಸಬೇಡ ಎಂದು, ಒಂದೊಂದೇ ಅಕ್ಷರ ಬರೆದರು. ಹೆಸರು ಅವಳ ಚೌಕ ದಾಟಿ ಪಕ್ಕದ ಗಂಡನ ಚೌಕಕ್ಕೂ ನುಗ್ಗಿತು. ಅಳಿಸೋಣವೇ ಎಂದೆ.

“ಇರಲಿ ಬಿಡು, ಇಷ್ಟು ದಿನ ಅವನೊಬ್ಬನೇ ಕೂತಿದ್ದನಲ್ಲ,” ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿ ಪೆನ್ನಿಗೆ ಮುಚ್ಚಳ ಹಾಕಿದರು.