‘ಬರ್ತೀನಿ’ ಎನ್ನದ ರವಿವಾರ

ನಮ್ಮ ಮನೆಯಲ್ಲಿ ಯಾರೂ ‘ಹೋಗ್ತೀನಿ’ ಅನ್ನುವಂತಿಲ್ಲ. ಕೆಳಗೆ ಹಾಲು ತರಲು ಹೋದರೂ ಹೊಸ್ತಿಲ ಮೇಲೆ ನಿಂತು ‘ಬರ್ತೀನಿ’ ಅನ್ನಬೇಕು, ಒಳಗಿನಿಂದ ಅವ್ವ ‘ಹೂಂ, ಬಾ’ ಅನ್ನಬೇಕು, ಆಮೇಲೆ ಚಪ್ಪಲಿ. ನಾನು ಬೇಕೆಂತಲೇ ‘ಹೋಗ್ತೀನೀ...’ ಎಂದು ರಾಗ ಎಳೆದು ಮೆಟ್ಟಿಲು ಇಳಿದುಬಿಡುತ್ತಿದ್ದೆ. ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದು, “ಮಂಗ್ಯಾ, ಮ್ಯಾಲ ಬಾ! ಬಂದು ಸರಿಯಾಗಿ ಹೇಳಿ ಹೋಗು!” ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗುತ್ತಿದ್ದಳು. ಹೋಗಲಿಕ್ಕೆ ಬಾ ಎನ್ನುವ ಹೆಂಗಸು. ನಾನು ಅದನ್ನೂ ಅವಳದೇ ದನಿಯಲ್ಲಿ ಅಣಕಿಸುತ್ತಿದ್ದೆ.

ಅಣಕಿಸುವುದು ನನಗೆ ಬರುತ್ತಿದ್ದ ಒಂದೇ ವಿದ್ಯೆ. ಪುಣೆಯ ತೆಂಕಣ ತುದಿ, ಕಾತ್ರಜದ ಹತ್ತಿರ ನಮ್ಮ ಮನೆ. ಅಲ್ಲಿ ನಿಲ್ಲುವ ಕರ್ನಾಟಕದ ಬಸ್ಸುಗಳ ಕಂಡಕ್ಟರುಗಳಿಂದ ಹಿಡಿದು ಎದುರುಮನೆಯ ಮರಾಠಿ ಕಾಕಾನವರೆಗೆ ಎಲ್ಲರ ಗಂಟಲೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದವು. ನನ್ನದೇ ಗಂಟಲು ಯಾವುದೆಂದು ಕೆಲಸದ ಸಂದರ್ಶನಗಳಲ್ಲಿ ಮಾತ್ರ ಗೊತ್ತಾಗುತ್ತಿತ್ತು: ಅಲ್ಲಿ ಹೊರಬರುತ್ತಿದ್ದುದು ಸೋರುವ ನಳದ ಸದ್ದು. ಕಾಮರ್ಸ್ ಮುಗಿಸಿ ಮನೆಯಲ್ಲಿದ್ದೆ. ಅಪ್ಪ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರು. ಈ ಬರಹದುದ್ದಕ್ಕೂ ಅವರು ರವಿವಾರದ ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಮಲಗಿರುತ್ತಾರೆ, ಅವರನ್ನು ಎಬ್ಬಿಸುವುದು ಬೇಡ.

ಅಕ್ಕನ ಗಂಡ ಸಕ್ಕರೆ ಕಾರ್ಖಾನೆಯ ಕೆಮಿಸ್ಟ್. ಮೊದಲು ಪುಣೆಗೆ ಹತ್ತಿರದ ಶಿರೂರಿನ ಕಡೆ ಒಂದು ಕಾರ್ಖಾನೆಯಲ್ಲಿದ್ದರು. ಅವ್ವನಿಗೆ ಮಗಳ ನೆನಪಾದರೆ ಬೆಳಿಗ್ಗೆ ಬಸ್ಸು ಹತ್ತಿ, ಅವಳ ಕೈಯ ಚಹಾ ಕುಡಿದು, ಅವಳ ಅಡುಗೆಯಲ್ಲಿ ಕೊಂಕು ತೆಗೆದು, ಸಂಜೆಗೆ ಮನೆಗೆ ಬರಬಹುದಾಗಿತ್ತು. ಆಮೇಲೆ ಅವರನ್ನು ಯುಗಾಂಡಾದ ಒಂದು ಕಾರ್ಖಾನೆ ಕರೆಯಿತು. ಅಲ್ಲಿಯೂ ಕಬ್ಬು, ಅಲ್ಲಿಯೂ ಕಾಕಂಬಿಯ ವಾಸನೆ. ಬಸ್ಸು ಮಾತ್ರ ಇಲ್ಲ. ಹೊರಡುವ ದಿನ ಅಕ್ಕ ಹೊಸ್ತಿಲ ಮೇಲೆ ನಿಂತು ‘ಬರ್ತೀನಿ ಅವ್ವಾ’ ಅಂದಳು. ಆ ‘ಅವ್ವಾ’ದ ಕೊನೆಗೆ ಅವಳ ದನಿ ಸ್ವಲ್ಪ ಮೂಗಿಗೆ ಏರಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಸೆರಗು ಬಾಗಿಲ ಮೊಳೆಗೆ ಸಿಕ್ಕಂತೆ.

ಹೋಗುವಾಗ ಭಾವ ತಮ್ಮ ಹಳೆಯ ಲ್ಯಾಪ್‌ಟಾಪನ್ನು ನನಗೆ ಬಿಟ್ಟುಹೋದರು. ತೊಡೆಯ ಮೇಲೆ ಇಟ್ಟುಕೊಂಡರೆ ತೊಡೆ ಬೇಯುತ್ತಿತ್ತು, ಆದ್ದರಿಂದ ಅದು ಯಾವಾಗಲೂ ಹಿಟ್ಟಿನ ಡಬ್ಬಿಯ ಮೇಲೆ ಕೂತಿರುತ್ತಿತ್ತು. ಕೇಬಲಿನವನು ಮೇಲಿನ ಮಾಳಿಗೆಯಿಂದ ಒಂದು ನೀಲಿ ವಾಯರ್ ಇಳಿಸಿ, ಕಿಟಕಿಯ ಸರಳಿನೊಳಗೆ ತೂರಿಸಿ ಅದರ ಮಗ್ಗುಲಿಗೆ ಚುಚ್ಚಿಕೊಟ್ಟ. ಒಂದಿಷ್ಟು ಅಂಕಿಗಳನ್ನು ಹೇಳಿ ತುಂಬಿಸಿದ. ಅದು ನಮ್ಮ ಮನೆಯ ವಿಳಾಸ ಇದ್ದ ಹಾಗೆ, ಇಂಟರ್‌ನೆಟ್ಟು ಅದನ್ನು ನೋಡಿಕೊಂಡೇ ಬರುತ್ತದೆ, ಕೈ ಹಚ್ಚಬೇಡ ಎಂದ.

ರವಿವಾರ ಮಧ್ಯಾಹ್ನ, ಅಲ್ಲಿ ಕಾರ್ಖಾನೆಯ ಆಫೀಸು ಖಾಲಿಯಾದಾಗ, ಅಕ್ಕ ಅಲ್ಲಿಯ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದಳು. ಮುಖ ಒಮ್ಮೆ ಬಂದು ನಿಂತುಬಿಡುತ್ತಿತ್ತು, ಬಾಯಿ ಅರ್ಧ ತೆರೆದು. ದನಿ ಮಾತ್ರ ಬರುತ್ತಿತ್ತು. ಅವ್ವ ಹೊಸ ಸೀರೆ ಉಟ್ಟು, ಕುಂಕುಮ ಹಚ್ಚಿಕೊಂಡು ಕೂಡುತ್ತಿದ್ದಳು. ‘ಆಕೀಗೆ ನೀ ಕಾಣಸೂದಿಲ್ಲ, ನಮ್ಮ ಕಡೆ ಕ್ಯಾಮೆರಾ ಇಲ್ಲ’ ಎಂದು ನಾನು ಎಷ್ಟು ಹೇಳಿದರೂ ಕೇಳಳು. “ಆಕೀಗೆ ಕಾಣಸೂದಿಲ್ಲಂತ ನಾ ಹಳೇ ಸೀರಿ ಉಟ್ಟು ಕೂಡ್ಲೇನು?”

ಆದರೆ ವಾಯರಿಗೆ ಶಿಷ್ಟಾಚಾರ ಗೊತ್ತಿರಲಿಲ್ಲ. ಮಾತಿನ ನಡುವೆಯೇ ಕಡಿದುಹೋಗುತ್ತಿತ್ತು. ‘ಬರ್ತೀನಿ’ ಇಲ್ಲ, ‘ಬಾ’ ಇಲ್ಲ. ಅವ್ವ ಅಲ್ಲಿಯೇ, ಆ ಡಬ್ಬಿಯ ಮುಂದೆ, ಕೈ ಮಡಿಚಿ ಕೂತುಬಿಡುತ್ತಿದ್ದಳು. ಏಳಲು ಯಾರೋ ಅಪ್ಪಣೆ ಕೊಡಬೇಕು ಎಂಬಂತೆ. ಮೊದಲ ಸಲ ನಾನು ಸುಮ್ಮನೆ ಚೇಷ್ಟೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನ ಮೂಗುದನಿ ತೆಗೆದು “ಬರ್ತೀನಿ ಅವ್ವಾ...” ಎಂದೆ. ಅವ್ವ ತಿರುಗಿ ನೋಡದೆ “ಹೂಂ, ಬಾ” ಎಂದಳು. ಎದ್ದಳು. ಆಮೇಲೆ ಬಂದು ನನ್ನ ಬೆನ್ನಿಗೊಂದು ಗುದ್ದಿದಳು. ಅಂದಿನಿಂದ ಅದೇ ರೂಢಿಯಾಯಿತು. ವಾಯರ್ ಕಡಿದರೆ ನಾನು ಅಕ್ಕ.

ಅಕ್ಕ ಬಸಿರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅಲ್ಲಿಯ ಡಾಕ್ಟರು ವಿಮಾನ ಬೇಡ ಎಂದರು. ದಿನ ಹತ್ತಿರ ಬಂದಾಗ ಕಾರ್ಖಾನೆಯ ಊರು ಬಿಟ್ಟು ದೊಡ್ಡ ಆಸ್ಪತ್ರೆ ಇರುವಲ್ಲಿ ಒಂದು ಕೋಣೆ ಹಿಡಿಯುವುದೆಂದಾಯಿತು. ಅಲ್ಲಿ ಕಂಪ್ಯೂಟರ್ ಇಲ್ಲ. ಫೋನು ನಮ್ಮಲ್ಲಿ ‘ಆರಾಮ?’ ‘ಆರಾಮ’ ಎನ್ನುವುದಕ್ಕೆ ಮಾತ್ರ. ಹೊರಡುವ ಮುಂಚಿನ ಕೊನೆಯ ರವಿವಾರ ಕೂತು ಮಾತಾಡೋಣ ಎಂದಳು ಅಕ್ಕ. ಆ ವಾರವಿಡೀ ಅವ್ವ ನನಗೆ ಒಂದೇ ಮಾತು ಹೇಳಿದಳು: “ಈ ಸಲೆ ನೀ ಬಾಯಿ ಹಾಕಬ್ಯಾಡ. ಬರ್ತೀನಿ ಅನ್ನೂದು ಆಕೀ ಬಾಯಿಲೇನ ಕೇಳಬೇಕು ನಾನು. ಹಡಿಲಿಕ್ಕೆ ಹೊಂಟದ ಕೂಸು.”

ಗಣಪತಿ ಹಬ್ಬ ಬಂದದ್ದೂ ಆಗಲೇ. ಓಣಿಯ ಬಾಯಿಗೆ ಕಮಾನು ಕಟ್ಟುವ ಹುಡುಗರಿಗೆ ಅಡ್ಡ ಹಾಯ್ದ ವಾಯರುಗಳು ತೊಡಕಾದವು. ಕತ್ತರಿಸಿದರು. ಗಣಪತಿ ಎತ್ತರ ಬಂದಿದ್ದ, ನಮ್ಮ ಅಕ್ಕ ದೂರ ಇದ್ದಳು. ರವಿವಾರ ಬೆಳಿಗ್ಗೆ ನೋಡಿದರೆ ನೀಲಿ ವಾಯರಿನ ತುದಿ ಗಾಳಿಗೆ ಆಡುತ್ತಿತ್ತು. ಕೇಬಲಿನವನಿಗೆ ಫೋನು ಮಾಡಿದೆ. ವಿಸರ್ಜನೆ ಆಗಲಿ, ಆಮೇಲೆ ನೋಡೋಣ ಎಂದ. ಅವನ ದನಿಯನ್ನು ಅವನಿಗೇ ತಿರುಗಿಸಿ ಕೇಳಿಸಿದೆ. ಇಟ್ಟುಬಿಟ್ಟ.

ಉಳಿದದ್ದು ಗಾಳಿಯ ದಾರಿ. ಎದುರುಮನೆಯ ಕಾಕಾನ ಮಗ ಮಗರಪಟ್ಟಾದ ಕಂಪ್ಯೂಟರ್ ಆಫೀಸಿನವನು, ಬಂದಾಗ ಕೆಲಸ ಮಾಡಲೆಂದು ಅಪ್ಪನ ಮನೆಗೆ ವೈರ್‌ಲೆಸ್ ಡಬ್ಬಿ ಹಾಕಿಸಿದ್ದ. ಲ್ಯಾಪ್‌ಟಾಪಿನಲ್ಲಿ ಅದನ್ನು ಹುಡುಕಲು ಕೂತೆ. ಏನೂ ಕಾಣಲಿಲ್ಲ. ಎಲ್ಲ ಗುಂಡಿ ಒತ್ತಿದೆ, ಬಂದ್ ಮಾಡಿ ಚಾಲೂ ಮಾಡಿದೆ, ತಜ್ಞನ ಮುಖ ಮಾಡಿದೆ. ಅವ್ವ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು. ಕೊನೆಗೆ ಧೂಳು ಒರೆಸೋಣವೆಂದು ಅವಳೇ ಸೆರಗು ಆಡಿಸಿದಾಗ ಮಗ್ಗುಲಲ್ಲಿದ್ದ ಉಗುರಿನಷ್ಟು ಸಣ್ಣ ಸ್ವಿಚ್ಚು ಸರಿಯಿತು. ದೀಪ ಹತ್ತಿತು. ಆ ಸ್ವಿಚ್ಚು ಅಷ್ಟು ದಿನದಿಂದ ಅಲ್ಲಿತ್ತು, ನಾನು ಅದನ್ನು ಅಲಂಕಾರ ಎಂದುಕೊಂಡಿದ್ದೆ.

ಕಾಕಾನ ನೆಟ್‌ವರ್ಕು ಕಾಣಿಸಿತು. ಹೆಸರು: ‘ವಾಪರೂ ನಯೇ’. ಬಳಸಬಾರದು ಎಂದರ್ಥ. ಬಾಗಿಲ ಮೇಲೆ ಕೂಡ ಕಾಕಾ ಬೋರ್ಡು ಹಾಕಿದ್ದರು: ಒಂದರಿಂದ ನಾಲ್ಕರವರೆಗೆ ಬೆಲ್ ಬಾರಿಸಬಾರದು, ಬಾರಿಸಿದರೂ ತೆರೆಯಲಾಗುವುದಿಲ್ಲ. ಅಕ್ಕನ ಹೊತ್ತು ಆ ಒಂದು ಮತ್ತು ನಾಲ್ಕರ ನಟ್ಟನಡುವೆ ಇತ್ತು.

“ಹೋಗು, ಬಾರಸು,” ಎಂದಳು ಅವ್ವ.

“ಕಾಕಾ ಕೊಲ್ತಾರ.”

“ಕೊಂದ್ರ ನಾ ನೋಡ್ಕೋತೀನಿ. ಮೊದಲ ಹೋಗಿ ಕೇಳ್.”

ಬಾರಿಸಿದೆ. ಬಹಳ ಹೊತ್ತಿನ ಮೇಲೆ ಬಾಗಿಲು ಒಂದು ಮುಖದಷ್ಟು ತೆರೆಯಿತು. ಬನಿಯನ್ನು, ಕೆದರಿದ ಬಿಳಿಕೂದಲು. ನನಗೆ ಗೊತ್ತಿದ್ದ ಅತ್ಯಂತ ವಿನಯದ ಮರಾಠಿಯಲ್ಲಿ ಪಾಸ್‌ವರ್ಡ್ ಕೇಳಿದೆ. ಕಾಕಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿ “ನಂತರ ಯಾ” ಎಂದು ಬಾಗಿಲು ಹಾಕಿಕೊಂಡರು. ಆಮೇಲೆ ಬಾ. ಅಷ್ಟೇ.

ನಮ್ಮ ಬಾಗಿಲಲ್ಲಿ ನಿಂತು ಅವ್ವನಿಗೆ ನಡೆದದ್ದನ್ನು ಒಪ್ಪಿಸಿದೆ, ಕಾಕಾನ ಗೊಗ್ಗರು ದನಿಯಲ್ಲಿ, ಕಾಕಾನ ಹಾಗೆ ಹೊಟ್ಟೆ ಮುಂದೆ ಮಾಡಿ: “ನಂತರ ಯಾ! ನಂತರ ಯಾ!” ಅವ್ವ ನಗಲಿಲ್ಲ. ನನ್ನ ಬೆನ್ನ ಹಿಂದೆ ನೋಡುತ್ತಿದ್ದಳು. ತಿರುಗಿದರೆ ಕಾಕಾ ಬಾಗಿಲು ತೆರೆದು ನಿಂತಿದ್ದರು.

“ಗಾಢವಾ,” ಎಂದರು. ಕತ್ತೆ ಎಂದು. ಮುಂದೆ ಮರಾಠಿಯಲ್ಲಿಯೇ: “‘ನಂತರ ಯಾ’, ಅದೇ ಪಾಸ್‌ವರ್ಡ್. ಎಲ್ಲ ಸಣ್ಣ ಅಕ್ಷರ, ನಡುವೆ ಜಾಗ ಬಿಡಬೇಡ. ಉಚ್ಚಾರ ನನಗಿಂತ ಚಲೋ ಮಾಡ್ತೀಯ, ಟೈಪ್ ಮಾಡಲಿಕ್ಕೆ ಏನು ಧಾಡಿ?”

ಟೈಪ್ ಮಾಡಿದೆ. ಸಿಗ್ನಲ್ಲಿನ ಗೀಟುಗಳು ಹಸಿರಾಗಿ ಪೂರ್ತಿ ಎದ್ದು ನಿಂತವು. ಮದುವೆ ಮನೆಗೆ ಇಷ್ಟು ಚೆಂದದ ಸೀರಿಯಲ್ ಸೆಟ್ ಹಾಕಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಆಚೆ ಏನೂ ಇಲ್ಲ. ಅಕ್ಕನ ಹೆಸರಿನ ಮುಂದೆ ಬೂದುಬಣ್ಣ.

ಕಾಕಾ ಒಳಗೆ ಬಂದು ಅವ್ವನ ಮಗ್ಗುಲಿಗೆ ಚಾಪೆಯ ಮೇಲೆ ಕೂತರು. ಅಷ್ಟು ಗಡಿಬಿಡಿ ಏತಕ್ಕೆ ಎಂದು ಕೇಳಿದರು. ಅವ್ವನ ಮರಾಠಿ ಎಂದರೆ ಕನ್ನಡಕ್ಕೆ ಮರಾಠಿ ಟೋಪಿ. “ಮುಲಗೀ ಜಾತೇ ದವಾಖಾನಾ,” ಎಂದಳು, ಮಗಳು ಆಸ್ಪತ್ರೆಗೆ ಹೋಗುತ್ತಾಳೆ. “‘ಯೇತೇ’ ಬೋಲಲೀ ನಾಹೀ.” ‘ಬರ್ತೀನಿ’ ಅಂದಿಲ್ಲ. ನಾನು ಇನ್ನೊಂದು ದಿನವಾಗಿದ್ದರೆ ಅದನ್ನು ವಾರಗಟ್ಟಲೆ ಆಡಿಕೊಳ್ಳುತ್ತಿದ್ದೆ. ಕಾಕಾ ಆಡಿಕೊಳ್ಳಲಿಲ್ಲ. ಅವರ ಮನೆಯಲ್ಲಿಯೂ ಹೊರಡುವವರು ‘ಯೇತೋ’ ಎಂದೇ ಹೊರಡುತ್ತಾರೆ. ಆಮೇಲೆ ನನಗೆ ಮೆಲ್ಲಗೆ, “ಮಾಡು ರಾಜಾ, ಬೇಗ ಮಾಡು” ಎಂದರು. ಕತ್ತೆಯಿಂದ ರಾಜನವರೆಗೆ ನನ್ನ ಬಡ್ತಿ ಇಷ್ಟು ಬೇಗ ಎಲ್ಲಿಯೂ ಆಗಿಲ್ಲ.

ಆಗ ನೆನಪಾಯಿತು. ಸ್ವಿಚ್ಚು ಸಿಗುವುದಕ್ಕೆ ಮುಂಚೆ, ಜಾಣತನ ಮಾಡಲು ಹೋಗಿ, ಕೇಬಲಿನವನ ಅಂಕಿಗಳನ್ನು ವೈರ್‌ಲೆಸ್ಸಿಗೂ ತುಂಬಿಬಿಟ್ಟಿದ್ದೆ. ಕಾಕಾನ ಮನೆಯ ದಾರಿ ಹಿಡಿದು ನಮ್ಮ ಮನೆಯ ವಿಳಾಸ ಹೇಳಿದರೆ ಯಾರು ಬಾಗಿಲು ತೆರೆಯುತ್ತಾರೆ? ಅಂಕಿಗಳನ್ನು ಅಳಿಸಿದೆ, ನಿನಗೆ ಬೇಕಾದ ವಿಳಾಸ ನೀನೇ ತಗೋ ಎಂದು ಬಿಟ್ಟೆ. ಹಿಟ್ಟಿನ ಡಬ್ಬಿಯ ಮೇಲಿನಿಂದ ದನಿ ಬಂತು.

“ಅವ್ವಾ! ಎಲ್ಲೆ ಹೋಗಿದ್ದ್ರಿ ಎಲ್ಲಾರೂ? ಆವಾಗಿಂದ ಹೊಯ್ಕೊಳ್ಳಿಕ್ಕತ್ತೀನಿ!”

ಅವ್ವ ವಾರವಿಡೀ ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. “ಉಂಡ್ಯಾ?” ಎಂದಳು.

“ಉಂಡೆ.”

“ಏನ್ ಉಂಡಿ?”

“ಬಾಳೀಕಾಯಿ. ಇಲ್ಲೆ ಕುದಿಸಿ ಜಜ್ಜಿ ತಿಂತಾರ.”

“ಜ್ವಾಳದ ಹಿಟ್ಟು?”

“ಅದು ಎಂದೋ ತೀರೇದ, ಅವ್ವಾ.”

ಅವ್ವ ನಮ್ಮ ಹಿಟ್ಟಿನ ಡಬ್ಬಿಯ ಮೇಲೆ ಕೈ ಇಟ್ಟಳು. ಅದರ ಮೇಲೆ ಅಕ್ಕನ ಮುಖ ಬಾಯಿ ಅರ್ಧ ತೆರೆದು ನಿಂತಿತ್ತು. ಸೊಂಟನೋವು ಬಂದರೆ ಏನು ಮಾಡಬೇಕು, ಯಾವ ಮಗ್ಗುಲಿಗೆ ಮಲಗಬೇಕು, ತಲೆಗೆ ಎಣ್ಣೆ ಯಾರು ಹಚ್ಚುತ್ತಾರೆ ಎಂದೆಲ್ಲ ಮಾತು ಆಮೇಲೆ ಹರಿಯಿತು. ಒಂದು ಹಂತದಲ್ಲಿ ಅಕ್ಕ, “ಲೇ, ನೀ ಅದಿಯೇನು ಅಲ್ಲೆ?” ಎಂದಳು.

“ಅದೀನಿ.”

“ಅವ್ವನ ಧ್ವನಿ ತಗದು ಒಂದೀಟು ಬೈಯೋ. ಇಲ್ಲೆ ನನ್ನ ಯಾರೂ ಬೈಯೂದಿಲ್ಲ. ಎಲ್ಲಾರೂ ಭಾಳ ಚಂದ ಮಾತಾಡ್ತಾರ. ಬ್ಯಾಸರ ಬಂದದ.”

ಅವ್ವನ ಮುಖ ನೋಡಿದೆ. ಬಾಯಿ ಹಾಕಬೇಡ ಎಂದವಳು ತಲೆ ಆಡಿಸಿದಳು. ಶುರು ಮಾಡಿದೆ. “ಎದ್ದು ಕೂಡು ಅಂದ್ರ ಉರುಳಾಡ್ತದ ನೋಡ್ ಖೋಡಿ! ಎಣ್ಣಿ ಹಚ್ಚಿಲ್ಲ, ಜಡಿ ಹಾಕಿಲ್ಲ, ಸಕ್ಕರಿ ಕಾರ್ಖಾನ್ಯಾಗಿದ್ದು ಮಾರಿ ನೋಡಿದ್ರ ಹಾಗಲಕಾಯಿ!” ಅಲ್ಲಿ ಅಕ್ಕ ನಗಲು ಶುರು ಮಾಡಿದಳು. ಅವ್ವ ನನ್ನ ತೋಳಿಗೆ ಹೊಡೆಯುತ್ತ ನಕ್ಕಳು. ಒಂದಕ್ಷರ ತಿಳಿಯದ ಕಾಕಾ ಕೂಡ ನಕ್ಕರು. “ಸಾಕೋ, ಹೊಟ್ಟಿ ನೋಯ್ತದ, ಒಳಗಿನದೂ ನಗ್ಲಿಕ್ಕತ್ತದ,” ಎಂದು ಅಕ್ಕ ಅನ್ನುತ್ತಿದ್ದಳು, “ಅವ್ವಾ, ಇನ್ನ...”

ಫ್ಯಾನು ನಿಂತಿತು. ಕರೆಂಟು ಹೋಗಿತ್ತು.

ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಉರಿಯುತ್ತಲೇ ಇತ್ತು. ಕಾಕಾನ ಮನೆಯ ಡಬ್ಬಿ ಸತ್ತಿತ್ತು. ಅಕ್ಕನ ಚಿತ್ರ ಇದ್ದಂತೆಯೇ ಇತ್ತು, ಅವಳು ಇರಲಿಲ್ಲ. ಹೊರಗೆ ಮಂಟಪದ ಧ್ವನಿವರ್ಧಕ ಕೂಡ ಬಾಯಿ ಮುಚ್ಚಿತ್ತು. ಓಣಿಯಲ್ಲಿ ಅಷ್ಟು ಶಾಂತಿಯನ್ನು ಗಣಪತಿ ಹಬ್ಬದಲ್ಲಿ ನಾನು ಎಂದೂ ಕೇಳಿಲ್ಲ. ‘ಇನ್ನ’ ಎಂದಳಲ್ಲ, ಮುಂದಿನ ಮಾತು ‘ಬರ್ತೀನಿ’ ಎಂದೇ ಇತ್ತು, ನನಗೂ ಅವ್ವನಿಗೂ ಗೊತ್ತಿತ್ತು.

ಅವ್ವ ಕೈ ಮಡಿಚಿ ಕೂತಿದ್ದಳು. ನಾನು ಗಂಟಲು ಸರಿಮಾಡಿಕೊಂಡೆ. ಅಕ್ಕನ ದನಿ ನಾಲಗೆಯ ತುದಿಗೆ ಬಂದಿತ್ತು.

“ಬ್ಯಾಡ,” ಎಂದಳು ಅವ್ವ. “ಆಕಿ ಬರ್ತೀನಿ ಅಂದಿಲ್ಲ. ಅಂದ್ರ, ಆಕಿ ಇನ್ನೂ ಎದ್ದಿಲ್ಲ.”

ಬ್ಯಾಟರಿ ತೀರುವವರೆಗೂ ಮುಚ್ಚಲು ಬಿಡಲಿಲ್ಲ. ಪರದೆ ಕಪ್ಪಾದ ಮೇಲೆ ಕಾಕಾ ಮೊಣಕಾಲು ಹಿಡಿದು ಎದ್ದು, ಹೊಸ್ತಿಲ ಹತ್ತಿರ ಹೋಗಿ, ಹೊಸಬರ ಹಾಗೆ ತಡವರಿಸಿ “ಯೇತೋ” ಎಂದರು. ಅವ್ವ ಕನ್ನಡದಲ್ಲಿ “ಹೂಂ, ಬರ್ರಿ” ಎಂದಳು.

ಹೆಣ್ಣು ಹುಟ್ಟಿದ ಸುದ್ದಿ ಅಪ್ಪನ ಅಂಗಡಿಯ ಫೋನಿಗೆ ಬಂತು. ಇಬ್ಬರೂ ಆರಾಮ. ಗಣಪತಿ ಮುಳುಗಿದ, ಕೇಬಲಿನವನು ಬಂದು ನೀಲಿ ವಾಯರನ್ನು ಮತ್ತೆ ಜೋಡಿಸಿದ. ಈಗ ಲ್ಯಾಪ್‌ಟಾಪಿಗೆ ಎರಡು ದಾರಿ. ಅಕ್ಕ ಕಾರ್ಖಾನೆಗೆ ಮರಳಿದ ಮೇಲಿನ ಮೊದಲ ರವಿವಾರ ನಾನು ವಾಯರ್ ಚುಚ್ಚಲು ಹೋದರೆ ಅವ್ವ ತಡೆದಳು. “ಅದು ತಗೀ. ಆಕಿ ಕಾಕಾನ ಗಾಳ್ಯಾಗ ಕೂತಾಳ. ಅದರಾಗ ಹಚ್ಚು.” ಇಂಟರ್‌ನೆಟ್ಟು ಹಾಗೆಲ್ಲ ಅಲ್ಲ ಎಂದು ತಿಳಿಸಿ ಹೇಳಲು ಬಾಯಿ ತೆರೆದೆ. ವಾಯರ್ ಕಿತ್ತೆ, ಸ್ವಿಚ್ಚು ಸರಿಸಿದೆ.

ಹೆಸರು ಹಸಿರಾಯಿತು. ಕೂಸಿನ ಸಣ್ಣ ಕುಸುಕುಸು. ಆಮೇಲೆ ಅಕ್ಕ. ಹೇಗಿದ್ದೀರಿ ಎನ್ನಲಿಲ್ಲ, ಮಗುವಿನ ಮಾತೂ ಎತ್ತಲಿಲ್ಲ.

“ಬರ್ತೀನಿ ಅವ್ವಾ,” ಎಂದಳು.

“ಹೂಂ, ಬಾ,” ಎಂದಳು ಅವ್ವ. ಹೇಳುತ್ತ ಪರದೆಯನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿದಳು.

ಅಕ್ಕ ಬಂದದ್ದು ಆ ಕೂಸು ಓಡಾಡಿ ಮಾತಾಡುವಷ್ಟಾದ ಮೇಲೆ. ಅಲ್ಲಿಯವರೆಗೆ ಆ ಮನೆಯಲ್ಲಿ ಎಷ್ಟು ರವಿವಾರ ಕಳೆದವೋ. ಎಲ್ಲರ ದನಿಯೂ ನನಗೆ ಬರುತ್ತದೆ, ಈಗಲೂ ಕೇಳಿದರೆ ಕಾಕಾನ ‘ನಂತರ ಯಾ’ ಮಾಡಿ ತೋರಿಸುತ್ತೇನೆ, ಜನ ಹೊಟ್ಟೆ ಹಿಡಿದು ನಗುತ್ತಾರೆ. ಅವ್ವನ ಆ ‘ಬಾ’ ಒಂದನ್ನು ಒಬ್ಬನೇ ಇದ್ದಾಗ ಎಷ್ಟೋ ಸಲ ಮಾಡಿ ನೋಡಿದ್ದೇನೆ. ಅಕ್ಷರ ಬರುತ್ತದೆ. ಕಣ್ಣು ಬಾಗಿಲಿಗೆ ಹೋಗುತ್ತದೆ. ದನಿ ಮಾತ್ರ ನನ್ನದೇ ಆಗಿ ಹೊರಬರುತ್ತದೆ, ಸೋರುವ ನಳದ ಹಾಗೆ.