ನಾಲ್ಕನೇ ಬಕೆಟ್ಟಿನ ಕೊಕ್ಕೆ

ತೆಲುಗು ಸೀಮೆಯ ಉಪ್ಪಲ್ ಕಡೆಯ ಆ ಪ್ರಯೋಗಾಲಯದಲ್ಲಿ ನನ್ನ ಕೆಲಸವೇ ಕೊಲ್ಲುವುದು, ಕುಟ್ಟುವುದು. ಜೀವಕೋಶದೊಳಗೆ ಪ್ರೋಟೀನು ತಯಾರಿಸುವ ಯಂತ್ರ ರೈಬೋಸೋಮ್. ಅದನ್ನು ಕಟ್ಟುವಾಗ ಒಂದಕ್ಕೊಂದು ಅಂಟಿಕೊಂಡ ಆರ್‌ಎನ್‌ಎ ಎಳೆಗಳನ್ನು ಕಿತ್ತು ಬಿಡಿಸುವ ಕಿಣ್ವ ಹೆಲಿಕೇಸ್. ಯೀಸ್ಟಿನಲ್ಲಿ ಅಂಥದೊಂದು ಹೆಲಿಕೇಸನ್ನು ಬಂದ್ ಮಾಡಿ, ಕೋಶಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಖಲಬತ್ತಿನಲ್ಲಿ ಹಾಕಿ ಪುಡಿಪುಡಿ ಮಾಡುತ್ತಿದ್ದೆ. ಕಟ್ಟೋಣ ಎಲ್ಲಿ ಅರ್ಧಕ್ಕೆ ನಿಂತಿದೆ ಎಂದು ಆ ಪುಡಿ ಹೇಳಬೇಕಿತ್ತು.

ಪುಡಿಯ ರಸವನ್ನು ಸಕ್ಕರೆ ದ್ರಾವಣದ ಮೇಲೆ ಬಿಟ್ಟು, ಆರು ಲೋಹದ ಬಕೆಟ್‌ಗಳಲ್ಲಿಟ್ಟು, ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ಗಿರಗಿರನೆ ತಿರುಗಿಸಬೇಕು. ಪ್ರತಿ ಬಕೆಟ್ಟಿನ ಎರಡೂ ಕೊಕ್ಕೆ ಅದರ ತಿರುಗುಚಕ್ರದಲ್ಲಿ ಸರಿಯಾಗಿ ಕೂತಿರಲೇಬೇಕು, ಒಂದು ತಪ್ಪಿದರೂ ಬಕೆಟ್ ಕಿತ್ತು ಹಾರುತ್ತದೆ. ಒಬ್ಬರು ಸಿಕ್ಕಿಸುವುದು, ಇನ್ನೊಬ್ಬರು ಬೆರಳಿನಿಂದ ತಳ್ಳಿ ನೋಡುವುದು, ಇಬ್ಬರೂ ಪುಸ್ತಕದಲ್ಲಿ ಸಹಿ ಹಾಕುವುದು ನಮ್ಮಲ್ಲಿನ ಪದ್ಧತಿ.

ನಾನು ಕಲಬುರಗಿಯವಳು. ನನ್ನ ಜೊತೆಗಾರ್ತಿ ರಾಯಚೂರಿನವಳು, ಮೂರು ವರ್ಷ ಕಿರಿಯಳು. ಲ್ಯಾಬಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ, ಬೇರೆಯವರಿಗೆ ತಿಳಿಯಬಾರದೆಂದು ಅವಳನ್ನು ಕನ್ನಡದಲ್ಲೇ ಬೈಯುತ್ತಿದ್ದೆ. ಅಂದು ಅವಳು ಅರ್ಧ ಗಂಟೆ ತಡವಾಗಿ ಬಂದಳು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟೆ. ಅವಳನ್ನು ಹೊರಗಟ್ಟಿ ಬಕೆಟ್‌ಗಳನ್ನು ಒಬ್ಬಳೇ ಸಿಕ್ಕಿಸಿದೆ. ಆಮೇಲೆ ಅವಳು ಮೆಲ್ಲಗೆ ಒಳಬಂದಾಗ, ಗುಂಡಿಯನ್ನಾದರೂ ಒತ್ತು ಎಂದೆ.

ವೇಗ ಏರುತ್ತಿದ್ದಂತೆ ಒಳಗೆ ಢಂ ಎಂದಿತು. ಯಂತ್ರ ಎಗರಿ ಗೋಡೆಗೆ ಗುದ್ದಿತು, ಮತ್ತೆ ಗುದ್ದಿತು, ನೆಲ ನಡುಗಿತು. ಮುಚ್ಚಳ ತೆಗೆದರೆ ಬಕೆಟ್‌ಗಳೆಲ್ಲ ನುಜ್ಜುಗುಜ್ಜು, ಎಂಟು ತಿಂಗಳ ದುಡಿಮೆ ಅಂಟಂಟು ನೀರು. ವೇಗ ತಪ್ಪಾಗಿ ಒತ್ತಿದೆಯಲ್ಲೇ ಎಂದು, ಸದ್ದಿಗೆ ಓಡಿಬಂದ ಎಲ್ಲರೆದುರು ಅವಳ ಕಪಾಳಕ್ಕೆ ಬಾರಿಸಿದೆ. ಕಿವಿಯೋಲೆ ಹಾರಿಬಿತ್ತು. ಸುಳ್ಳೇಕೆ, ಆ ಕ್ಷಣ ನನಗೆ ಹಾಯೆನಿಸಿತು.

ಅವಳನ್ನು ಇವತ್ತೇ ಲ್ಯಾಬಿನಿಂದ ತೆಗೆಯುತ್ತೇನೆ ಎಂದ ನಮ್ಮ ಸಂಶೋಧನೆಯ ಗೈಡ್, ಸಹಿ ಪುಸ್ತಕ ತರಹೇಳಿದರು. ತರಲು ನಾನೇ ಹೋದೆ. ಸಿಕ್ಕಿಸಿದವರ ಜಾಗದಲ್ಲಿ ನನ್ನ ಸಹಿ. ತಳ್ಳಿ ನೋಡಿದವರ ಜಾಗದಲ್ಲೂ ನನ್ನದೇ. ಯಂತ್ರದೊಳಗೆ ಬಗ್ಗಿ ನೋಡಿದೆ. ನಾಲ್ಕನೇ ಬಕೆಟ್ಟಿನ ಒಂದು ಕೊಕ್ಕೆ ಕಿತ್ತುಹೋಗಿತ್ತು, ಇನ್ನೊಂದರ ಮೇಲೆ ಒಂದು ಗೀರೂ ಇರಲಿಲ್ಲ. ಅದನ್ನು ನಾನು ಸಿಕ್ಕಿಸಿಯೇ ಇರಲಿಲ್ಲ.

ಅವಳು ಸಿಂಕಿನ ಬಳಿ ಕೆನ್ನೆಗೆ ನೀರು ಹಾಕಿಕೊಳ್ಳುತ್ತಿದ್ದಳು. "ತಪ್ಪು ನಂದೇ ಐತಿ, ತಂಗಿ. ಕ್ಷಮಿಸವಾ" ಎಂದೆ, ಕನ್ನಡದಲ್ಲಿ, ಪಿಸುದನಿಯಲ್ಲಿ.

ಅವಳು ತಿರುಗಿ ನೋಡಲಿಲ್ಲ. "ಹೊಡೆದಿದ್ದು ಎಲ್ಲಾರಿಗೂ ತಿಳೀತಲ್ರಿ ಅಕ್ಕಾ. ಇದನ್ನೂ ಎಲ್ಲಾರಿಗೂ ತಿಳಿಯೂಹಂಗ ಹೇಳ್ರಿ."

ಪುಸ್ತಕ ಹಿಡಿದು ಹೋದೆ. ಗೈಡ್ ಮುಂದೆ, ಎಲ್ಲರ ಮುಂದೆ, ಹಿಂದಿಯಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಹೇಳಿದೆ.

ಅವಳು ಲ್ಯಾಬಿನಲ್ಲಿ ಉಳಿದಳು. ಇಂದಿಗೂ ಬಕೆಟ್ ನಾನು ಸಿಕ್ಕಿಸುತ್ತೇನೆ, ಅವಳು ತಳ್ಳಿ ನೋಡುತ್ತಾಳೆ. ಸಹಿ ಹಾಕಲೆಂದು ಪೆನ್ನಿಗೆ ಕೈ ಎತ್ತಿದರೂ ಸಾಕು, ಅವಳ ಮುಖ ತಟ್ಟನೆ ಪಕ್ಕಕ್ಕೆ ಸರಿಯುತ್ತದೆ.