ಕೆಳಮನೆಯ ಹಾಸ್ಯನಟರಿಗೆ ಸನ್ಮಾನ

ಫ್ರಾಂಕ್‌ಫರ್ಟಿನ ನಮ್ಮ ಕಟ್ಟಡದ ಕೆಳಮನೆಯಲ್ಲಿ ಮಗಳ ಜೊತೆಗಿದ್ದ ಸ್ಲೊವಾಕ್ ಹಿರಿಯರು ತಮ್ಮ ದೇಶದ ಹೆಸರಾಂತ ಹಾಸ್ಯನಟರು ಎಂಬುದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಅವರು ನಕ್ಕಿದ್ದನ್ನೇ ನಾನು ಕಂಡಿರಲಿಲ್ಲ. ಭಾನುವಾರ ಖಾಲಿ ಬಾಟಲಿ ಎಸೆದು ಸದ್ದು ಮಾಡಬಾರದು ಎಂಬ ಇಲ್ಲಿನ ನಿಯಮವನ್ನು ನನಗೆ ತಿಳಿಸಿದವರೂ ಅವರೇ, ಅದೂ ಸಾವಿನ ಸುದ್ದಿ ಹೇಳುವ ಮುಖ ಹೊತ್ತು.

ಸಲುಗೆ ಬೆಳೆದ ಮೇಲೆ ಮೆಟ್ಟಿಲ ಬಳಿ ನಿಂತು ತಮ್ಮ ಕಥೆ ಹೇಳಿದರು. ಬ್ರಾಟಿಸ್ಲಾವಾದ ಸಣ್ಣದೊಂದು ರಂಗಮಂದಿರದಲ್ಲಿ ಗೆಳೆಯನೊಬ್ಬನ ಜೋಡಿಯಾಗಿ ಶುರು ಮಾಡಿದ್ದು. ಇಬ್ಬರ ಮಾತನ್ನೂ ಬರೆಯುತ್ತಿದ್ದವರು ಇವರೇ. ಆಮೇಲೆ ಟಿವಿ, ಪುಸ್ತಕಗಳು. ಕೊನೆಕೊನೆಗೆ ಅವರು ಬಾಯಿ ತೆರೆಯುವ ಮೊದಲೇ ಜನ ನಗುತ್ತಿದ್ದರು. ಹಲ್ಲಿನ ಡಾಕ್ಟರು ಮಾತ್ರ ಬಾಯಿ ತೆರೆದ ಮೇಲೆ ನಕ್ಕರಂತೆ. ಗೆಳೆಯ ತೀರಿಕೊಂಡಾಗ ಎರಡು ಮಾತಾಡಲು ಎದ್ದರೆ ಶವಪೆಟ್ಟಿಗೆಯ ಎದುರೇ ಜನ ಕಿಸಕ್ಕೆಂದರು. ತನಗೆ ನಗಿಸುವುದು ನಿಜಕ್ಕೂ ಬರುತ್ತದೋ, ಜನ ಬರೀ ಅಭ್ಯಾಸಕ್ಕೆ ನಗುತ್ತಾರೋ ಎಂಬ ಅನುಮಾನ ಅಂದು ಹೊಕ್ಕಿತು. ಮತ್ತೆ ಅವರು ರಂಗ ಹತ್ತಲಿಲ್ಲ.

ತನ್ನ ಗುರುತೇ ಇಲ್ಲದವರ ಎದುರು ಒಮ್ಮೆ ನಿಲ್ಲಬೇಕು ಎಂದರು. ಅಂಥವರು ನಮ್ಮ ಕನ್ನಡ ಸಂಘದಲ್ಲಿ ಹಾಲ್ ತುಂಬ ಸಿಗುತ್ತಾರೆ ಎಂದು ರಾಜ್ಯೋತ್ಸವಕ್ಕೆ ಕರೆದೆ. ತಾನು ಯಾರೆಂದು ಹೇಳಬಾರದು ಎಂಬುದೊಂದೇ ಅವರ ಷರತ್ತು.

ಸಂಘದ ಅಧ್ಯಕ್ಷರು ಮಂಗಳೂರಿನವರು. ಷರತ್ತು ಕೇಳಿ ನೊಂದುಕೊಂಡರು. "ಪರಿಚಯ ಮಾಡದೆ ಸ್ಟೇಜ್ ಹತ್ತಿಸುವುದು ಹೇಗೆ ಮಾರಾಯ್ರೆ? ಅವಮಾನ ಆಗ್ತದಲ್ಲ." ನಾನು ಬಿಡಿಸಿ ಹೇಳಿದೆ. ತಲೆಯಾಡಿಸಿದರು. ನಮ್ಮವರು ತಲೆಯಾಡಿಸಿದರೆ ಅದಕ್ಕೆ ವಿಶೇಷ ಅರ್ಥವೇನೂ ಇರುವುದಿಲ್ಲ.

ಆ ದಿನ ಶಾಲು ಬಂತು, ಮೈಸೂರು ಪೇಟ ಬಂತು, ಹಣ್ಣಿನ ಬುಟ್ಟಿ ಬಂತು. ಇಂಟರ್ನೆಟ್ಟಿನಲ್ಲಿ ಹುಡುಕಿ ತೆಗೆದ ಅವರ ಇಡೀ ಬದುಕನ್ನು ಅಧ್ಯಕ್ಷರು ಕನ್ನಡದಲ್ಲೂ ಜರ್ಮನ್‌ನಲ್ಲೂ ಓದಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಿರಿಯರು ಮೈಕ್ ಸರಿಮಾಡಿಕೊಂಡರು, ಜನ ನಕ್ಕರು. ಕೆಮ್ಮಿದರು, ಇನ್ನೂ ನಕ್ಕರು. ಅವರು ಕೈಮುಗಿದು ಕೆಳಗಿಳಿದುಬಿಟ್ಟರು. ನನಗೆ ಅಧ್ಯಕ್ಷರ ಮೇಲೆ ಮೈಯೆಲ್ಲ ಉರಿಯಿತು.

ಪೇಟ, ಶಾಲು ನನ್ನ ಕೈಗಿಟ್ಟು ಅವರು ಊಟದ ಸಾಲಿನಲ್ಲಿ ನಿಂತರು. ಬಡಿಸುತ್ತಿದ್ದವಳು ಧಾರವಾಡದಿಂದ ಬಂದಿದ್ದ ನಮ್ಮವ್ವ. ಬೆಳಗಿನಿಂದ ಅಡುಗೆಮನೆಯಲ್ಲೇ ಇದ್ದವಳಿಗೆ ವೇದಿಕೆಯ ಒಂದು ಮಾತೂ ಕೇಳಿರಲಿಲ್ಲ.

ಅವ್ವ ಒಂದು ಸೌಟು ಬಿಸಿಬೇಳೆಬಾತ್ ಹಾಕಿದಳು. ಭಾರ ತಾಳಲಾರದವರಂತೆ ಅವರ ಮೊಣಕಾಲು ಕೊಂಚ ಕುಸಿಯಿತು. ಮುಖದಲ್ಲಿ ಏನೂ ಇಲ್ಲ. ಇನ್ನೊಂದು ಸೌಟಿಗೆ ಇನ್ನಷ್ಟು ಕುಸಿದರು. ಹಪ್ಪಳ ಇಟ್ಟದ್ದೇ ತಡ, ಮೇಜಿನಾಚೆ ಬರೀ ಕಣ್ಣು ಕಾಣುವಷ್ಟಾದರು. ಅವ್ವ ಯೋಚನೆ ಮಾಡಿ ಹಪ್ಪಳ ವಾಪಸು ತೆಗೆದಳು. ನೆಟ್ಟಗೆ ನಿಂತರು. ಮತ್ತೆ ಇಟ್ಟಳು. ಮತ್ತೆ ಕುಸಿದರು. ಅವ್ವ ಸೌಟು ಬಿಟ್ಟು, ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ.

"ಯಾರವಾ ಇವ್ರು? ಏನ್ ಕೆಲಸಾ ಮಾಡ್ತಾರ?" ಎಂದು ಕಣ್ಣೊರೆಸಿಕೊಳ್ಳುತ್ತ ನನ್ನನ್ನು ಕೇಳಿದಳು.

ಅವಳು ಏನೆಂದಳು ಎಂದು ಅವರು ಜರ್ಮನ್‌ನಲ್ಲಿ ವಿಚಾರಿಸಿದರು. ನೀವು ಯಾರು ಅಂತ ಕೇಳುತ್ತಿದ್ದಾಳೆ ಎಂದೆ. ಅವರು ತಟ್ಟೆಯನ್ನು ಮೇಜಿನ ಮೇಲಿಟ್ಟರು. ಕಣ್ಣು ತುಂಬಿ ಬಂದಿತ್ತು.

"ಇನ್ನೊಮ್ಮೆ ಕೇಳಲು ಹೇಳಿ" ಎಂದರು.